ಅಮ್ಮ ಎರಡು ಸಲ ಹೇಳಿದ್ರು, ನಾನು ಎರಡು ಸಲಾನೂ ಹೂಂ ಅಂದೆ. ಕೇಳಿಸ್ಕೊಳ್ಳೋದನ್ನ ಈ ವಯಸ್ಸಲ್ಲಿ ಕಲಿಯೋಕೆ ಆಗುತ್ತಾ?

ತೆಂಗಿನಗರಿ

ಎಲ್ರಿಗೂ ನಮಸ್ಕಾರ. ಇದನ್ನ ಬರೀಲೋ ಬೇಡ್ವೋ ಅಂತ ಎರಡು ದಿನದಿಂದ ಯೋಚ್ನೆ ಮಾಡ್ತಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಂಗೆ 41 ವರ್ಷ, ಬೆಂಗಳೂರಲ್ಲಿ ಕೆಲಸ. ಅಮ್ಮ ತಿಪಟೂರ್ ಹತ್ರ ನಮ್ಮ ಊರಲ್ಲಿ ಒಬ್ರೇ ಇದಾರೆ, ಅಪ್ಪ ತೀರ್ಕೊಂಡು ಐದು ವರ್ಷ ಆಯ್ತು, ಎಷ್ಟು ಕರೆದ್ರೂ ತೋಟ ಬಿಟ್ಟು ಬರಲ್ಲ ಅಂತಾರೆ. ದಿನಾ ಸಂಜೆ ಏಳೂವರೆಗೆ ನಾನು ಫೋನ್ ಮಾಡೇ ಮಾಡ್ತೀನಿ, ಈ ಐದು ವರ್ಷದಲ್ಲಿ ತಪ್ಪಿಸಿದ್ದು ತುಂಬಾ ಕಮ್ಮಿ. ಆದ್ರೆ ಹೆಂಗೆ ಮಾತಾಡ್ತೀನಿ ಅಂದ್ರೆ ಫೋನ್ ಸ್ಪೀಕರ್‌ಗೆ ಹಾಕಿ ಟೇಬಲ್ ಮೇಲಿಟ್ಟು ಲ್ಯಾಪ್‌ಟಾಪಲ್ಲಿ ಮೇಲ್ ನೋಡ್ಕೊಂಡು ಹೂಂ, ಹೂಂ, ಊಟ ಆಯ್ತಾ, ಸರಿ ಹುಷಾರು, ಇಷ್ಟೇ.

ಹೋದ ತಿಂಗಳು ಅಮ್ಮ ಹಿತ್ಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ರ ಜಾರಿ ಬಿದ್ರು. ಎಡಗೈ ಮಣಿಕಟ್ಟು ಫ್ರ್ಯಾಕ್ಚರ್. ಪಕ್ಕದ ಮನೆಯವರು ಕರ್ಕೊಂಡು ಹೋಗಿ ಬ್ಯಾಂಡೇಜ್ ಹಾಕಿಸಿ ಆಮೇಲೆ ನಂಗೆ ಫೋನ್ ಮಾಡಿದ್ರು. ನಾನು ಹೋಗಿ, ಗಾಬರೀಲಿ, ಏನಮ್ಮ ಅಲ್ಲಿ ಅಷ್ಟು ಪಾಚಿ ಕಟ್ಟಿದೆ ಮೊದ್ಲೇ ಹೇಳ್ಬಾರ್ದಾ ಅಂತ ಸ್ವಲ್ಪ ಜೋರಾಗೇ ಕೇಳಿದೆ. ಅವರು ಬೈಲಿಲ್ಲ. "ಹೇಳಿದ್ನಲ್ಲಪ್ಪ, ಎರಡು ಸಲ ಹೇಳ್ದೆ. ಹೂಂ ಅಂದೆ ನೀನು" ಅಂದ್ರು ಅಷ್ಟೇ. ನಂಗೆ ನೆನಪೇ ಇಲ್ಲ. ಆಮೇಲೆ ರಾತ್ರಿ ಮಲಗಿದಾಗ ನೆನಪಾಯ್ತು, "ಒಗೆಯೋ ಕಲ್ಲತ್ರ ಪಾಚಿ ಬಂದ್ಬಿಟ್ಟಿದೆ ಕಣಪ್ಪ, ಕಾಲಿಟ್ರೆ ಜಾರುತ್ತೆ" ಅಂತ ಹೇಳಿದ್ರು, ನಾನು ಹುಷಾರಮ್ಮ ಅಂದಿದ್ದೆ.

ಇದನ್ನ ಹೆಂಡ್ತಿ ಹತ್ರ ಹೇಳ್ಕೊಂಡಾಗ ಅವಳು ತುಂಬಾ ಹೊತ್ತು ಸುಮ್ನಿದ್ದು "ನಂಗೂ ಹಂಗೇ ಅನ್ಸುತ್ತೆ" ಅಂದ್ಲು. ಅವಳದು ಉಲ್ಟಾ ಕೇಸು. ಆಫೀಸಲ್ಲಿ ಆದದ್ದು ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ಎರಡನೇ ವಾಕ್ಯಕ್ಕೇ ನಾನು ಎಚ್‌ಆರ್‌ಗೆ ಮೇಲ್ ಹಾಕು, ಟೀಮ್ ಚೇಂಜ್ ಕೇಳು ಅಂತ ದಾರಿ ಹೇಳ್ಬಿಡ್ತೀನಂತೆ. ಅಮ್ಮನಿಗೆ ಏನೋ ಮಾಡ್ಬೇಕಿತ್ತು, ಮಾಡ್ಲಿಲ್ಲ. ಇವಳಿಗೆ ಏನೂ ಮಾಡೋದು ಬೇಡ, ಬರೀ ಕೇಳ್ಬೇಕು, ಅದೂ ಆಗ್ತಿಲ್ಲ.

ಪ್ರೀತಿ ಇಲ್ದೆ ಹಿಂಗೆ ಆಗ್ತಿರೋದಲ್ಲ, ಅದು ನಂಗೆ ಗೊತ್ತು. ಇಂಗ್ಲಿಷಲ್ಲಿ ಒಂದೆರಡು ಲೇಖನ ಓದ್ದೆ, ಕಣ್ಣಲ್ಲಿ ಕಣ್ಣಿಡಿ, ತಲೆ ಆಡಿಸಿ, ಅವರು ಹೇಳಿದ್ದನ್ನೇ ವಾಪಸ್ ಹೇಳಿ ಅಂತೆಲ್ಲಾ ಇತ್ತು. ನಮ್ಮಮ್ಮನ ಹತ್ರ ಹಂಗೆ ಮಾಡಿದ್ರೆ ಯಾಕೋ ಹಿಂಗ್ ನೋಡ್ತೀಯ ಅಂತಾರೆ. ನಿಮ್ಮಲ್ಲಿ ಯಾರಾದ್ರೂ ನಿಜವಾಗ್ಲೂ ಬದಲಾಗಿದ್ದೀರಾ? ಹೆಂಗೆ?

ಮಲಪ್ರಭಾ_ದಂಡಿ

ತಮ್ಮಾ, ಓದಿ ಹೊಟ್ಟ್ಯಾಗ ಸಂಕಟ ಆತು. ನಾ ಧಾರವಾಡದಾಕಿ, ಮೂವತ್ತು ವರ್ಷ ಸಾಲಿ ಕಲಿಸಿ ಈಗ ರಿಟೈರ್ ಆಗೀನಿ, ನಿನ್ನಕಿಂತ ದೊಡ್ಡಾಕಿ ಅದೀನಿ ಅಂತ ತಮ್ಮಾ ಅಂದೆ, ತಪ್ಪು ತಿಳ್ಕೋಬ್ಯಾಡ.

ನಿನ್ನ ಮಾತಿನ್ಯಾಗ ನನಗ ಹಿಡಿಸಿದ್ದು ಆ ಹೂಂ. ನಾವು ಸಣ್ಣವರಿದ್ದಾಗ ರಾತ್ರಿ ಅಂಗಳದಾಗ ಹಾಸಿಗಿ ಹಾಸಿ ಅಮ್ಮ (ನಮ್ಮ ಅಜ್ಜಿಗೆ ನಾವು ಅಮ್ಮ ಅಂತಿದ್ವಿ) ಕಥಿ ಹೇಳೂಮುಂದ ಒಬ್ರು ಹೂಂಗುಡಾಕಬೇಕಿತ್ತು. ಹೂಂ ಬರಲಿಲ್ಲಂದ್ರ ಕಥಿ ಅಲ್ಲೇ ನಿಂತುಬಿಡ್ತಿತ್ತು. ಹೂಂ ಅಂದ್ರ ಬರೇ ಎಚ್ಚರ ಅದೀನಿ ಅನ್ನೂದಲ್ಲ. ಹುಲಿ ಬಂತು ಅಂದಾಗಿನ ಹೂಂ ಬ್ಯಾರೆ, ರಾಜನ ಮಗಳು ಅತ್ಲು ಅಂದಾಗಿನ ಹೂಂ ಬ್ಯಾರೆ. ಒಂದ ತರಾ ಹೂಂ ಹೂಂ ಅಂದ್ರ ಅಮ್ಮ ಕತ್ತಲ್ಯಾಗ ಗುರ್ತ ಹಿಡೀತಿದ್ದಳು. "ಇವ ನಿದ್ದಿಗಣ್ಣಾಗ ಹೂಂ ಅನ್ನಾಕತ್ತಾನ, ನಾಳೆ ಹೇಳ್ತೀನಿ ಮಲಕೋರಿ" ಅಂತ ಮಗ್ಗಲಾ ಬದಲಿ ಮಾಡ್ತಿದ್ದಳು. ನಿಮ್ಮ ತಾಯಿಯೂ ಹಂಗ ಗುರ್ತ ಹಿಡದಿರ್ತಾರ ತಮ್ಮಾ, ಐದು ವರ್ಷದಿಂದ. ಹೇಳಿಲ್ಲ ಅಷ್ಟ.

ಇನ್ನೊಂದು ಮಾತು. ನಮ್ಮ ಕಡಿ ಹಿರ್ಯಾರು, ಅದರಾಗೂ ಹೆಣಮಕ್ಕಳು, ಮಗನ ಹಂತ್ಯಾಕ ಇದನ್ನ ಮಾಡಿಕೊಡು ಅಂತ ಬಾಯಿಬಿಟ್ಟು ಕೇಳೂದಿಲ್ಲ. ಮಾತಿನ ಬಾಜೂಕ ಇಟ್ಟು ಹೋಗ್ತಾರ. ಪಾಚಿ ಬಂದೈತಿ ಅಂದ್ರ ಅದು ಸುದ್ದಿ ಅಲ್ಲ, ನೀ ಬಂದು ತಿಕ್ಕಸು ಅಂತ. ನೀ ಹುಷಾರು ಅಂದಿ. ಅಂದ್ರ ಅವರಿಗೆ ಏನ ಕೇಳಸ್ತು? ಇದು ನಿನ್ನ ಜವಾಬ್ದಾರಿ, ನೀನ ನೋಡ್ಕೋ ಅಂತ. ಮೂರನೇ ಸಲ ಹ್ಯಾಂಗ ಹೇಳ್ತಾರ ಹೇಳು.

ನಾ ಏನ ಮಾಡ್ತೀನಂದ್ರ, ಮಗಳ ಫೋನ್ ಬಂದು ಮುಗದ ಮ್ಯಾಲೆ ಒಂದ ನಿಮಿಷ ಕುಂತು, ಆಕಿ ಇವತ್ತ ಏನೇನ ಅಂದ್ಲು, ಅದರಾಗ ಹೋದ ವಾರಾನೂ ಅಂದಿದ್ದು ಯಾವುದು ಅಂತ ನೆನಸ್ಕೋತೀನಿ. ಎರಡ ಸಲ ಬಂದ ಮಾತು ಸುಮ್ಮನ ಬಂದಿರೂದಿಲ್ಲ. ಮರುದಿನ ನಾನ ಆ ಮಾತು ತಗೀತೀನಿ. ಮೊದಲನೇ ಸಲ ಹಿಂಗ ಮಾಡಿದಾಗ ಆಕಿ ಒಂದ ಕ್ಷಣ ಮಾತಾಡಲಿಲ್ಲ, ಆಮ್ಯಾಲೆ "ಅವ್ವಾ, ನಿನಗ ನೆನಪೈತೇನು" ಅಂದ್ಲು.

ಜಯನಗರ_ಮಳೆ

ಮೇಡಂ ಹೇಳಿದ ಹೂಂ ವಿಷಯ ಓದಿ ಎಷ್ಟೋ ವರ್ಷದ ಹಿಂದಿನದೆಲ್ಲಾ ನೆನಪಾಯ್ತು.

ನಾನು ನಾಲ್ಕು ವರ್ಷ ಒಂದು ಸಹಾಯವಾಣಿಯಲ್ಲಿ ವಾಲಂಟಿಯರ್ ಆಗಿದ್ದೆ, ವಾರಕ್ಕೆರಡು ಸಂಜೆ. ಅಲ್ಲಿ ಕಲಿತದ್ದು ಹೇಳ್ತೀನಿ, ನಿಮ್ಮ ಪತ್ನಿ ವಿಷಯಕ್ಕೆ ಉಪಯೋಗ ಆಗಬಹುದು.

ಟ್ರೈನಿಂಗಲ್ಲಿ ಮೊದಲು ಹೇಳಿದ್ದು ಲಂಡನ್ನಿನ ಚ್ಯಾಡ್ ವಾರಾ ಅನ್ನೋ ಪಾದ್ರಿಯ ಕತೆ. 1953ರ ನವೆಂಬರಲ್ಲಿ ಅವರು ಆತ್ಮಹತ್ಯೆ ಯೋಚನೆ ಇರೋರಿಗೆ ಅಂತ ಚರ್ಚಲ್ಲೇ ಒಂದು ಫೋನ್ ಇಟ್ಟು ಶುರು ಮಾಡಿದ್ರು. ಜನ ಜಾಸ್ತಿ ಬರೋಕೆ ಶುರುವಾದ್ರು, ಇವರ ಹತ್ರ ಮಾತಾಡೋಕೆ ಕಾಯ್ತಾ ಕೂತಿರೋರಿಗೆ ಟೀ ಕೊಟ್ಟು ಜೊತೆಗಿರೋಕೆ ಅಂತ ಒಂದಷ್ಟು ವಾಲಂಟಿಯರ್ಸ್ ಬಂದ್ರು. ಆಮೇಲೆ ಗೊತ್ತಾಗಿದ್ದೇನಂದ್ರೆ, ಆ ಟೀ ಕೊಡೋರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ ಎಷ್ಟೋ ಜನಕ್ಕೆ ಪಾದ್ರಿಯನ್ನ ನೋಡೋ ಅಗತ್ಯಾನೇ ಬೀಳ್ತಿರಲಿಲ್ಲ. ಸಲಹೆ ಕೊಡೋಕೆ ಏನೂ ಗೊತ್ತಿಲ್ದೇ ಇರೋರು ಅವರು. 1954ರ ಫೆಬ್ರವರಿಯಲ್ಲಿ ವಾರಾ ಕೇಳಿಸ್ಕೊಳ್ಳೋ ಕೆಲಸಾನ ವಾಲಂಟಿಯರ್ಸ್ ಕೈಗೇ ಒಪ್ಪಿಸಿಬಿಟ್ರು. ಅದೇ ಸಮಾರಿಟನ್ಸ್ ಅನ್ನೋ ಸಂಸ್ಥೆ ಆಯ್ತು, ಈಗ್ಲೂ ಇದೆ.

ನೀವು ಎರಡನೇ ವಾಕ್ಯಕ್ಕೇ ಉತ್ತರ ಕೊಡ್ತೀನಿ ಅಂದ್ರಲ್ಲ, ಅದಕ್ಕೆ ಒಂದು ಕಾರಣ ಇದೆ, ನಿಮ್ಮ ಕೆಟ್ಟತನ ಅಲ್ಲ. 2009ರಲ್ಲಿ ಜಪಾನೀಸ್, ಡೇನಿಷ್, ಕೊರಿಯನ್ ಹೀಗೆ 10 ಭಾಷೆಗಳ ಮಾತುಕತೆ ತಗೊಂಡು ಒಂದು ಅಧ್ಯಯನ ಮಾಡಿದ್ರು. ಒಬ್ರು ಮಾತು ಮುಗಿಸಿ ಇನ್ನೊಬ್ರು ಶುರು ಮಾಡೋ ಮಧ್ಯೆ ಇರೋ ಗ್ಯಾಪ್ ಸರಾಸರಿ 200 ಮಿಲಿಸೆಕೆಂಡ್ ಹತ್ರ ಇತ್ತು. ಆದ್ರೆ ನಮ್ಮ ಮೆದುಳಿಗೆ ಒಂದು ಪದ ರೆಡಿ ಮಾಡೋಕೇ 600 ಮಿಲಿಸೆಕೆಂಡ್ ಬೇಕು. ಅಂದ್ರೆ ಅವರಿನ್ನೂ ಮಾತಾಡ್ತಿರುವಾಗ್ಲೇ ನಾವು ನಮ್ಮ ಉತ್ತರ ಕಟ್ಟೋಕೆ ಶುರು ಮಾಡಿರ್ತೀವಿ. ಎಲ್ರೂ ಹಿಂಗೇನೇ. ಹಂಗಾಗಿ ಅವರ ವಾಕ್ಯದ ಕೊನೆ ಭಾಗ ಬರೋ ಹೊತ್ತಿಗೆ ನಮ್ಮ ಅರ್ಧ ಗಮನ ನಮ್ಮ ಮಾತಿನ ಮೇಲೇ ಇರುತ್ತೆ, ಮತ್ತೆ ಜನ ನಿಜವಾದ ವಿಷಯ ಹೇಳೋದು ಬಹಳ ಸಲ ಕೊನೇಲೇ.

ಸಹಾಯವಾಣಿಯಲ್ಲಿ ನಮಗೆ ಅಭ್ಯಾಸ ಮಾಡಿಸಿದ್ದು ಬಹಳ ಸಣ್ಣದು. ಅವರು ನಿಲ್ಲಿಸಿದ ಮೇಲೆ ಒಂದು ಉಸಿರು ತಗೊಂಡು ಬಿಡಿ, ಆಮೇಲೆ ಬಾಯಿ ತೆಗೀರಿ. ಆ ಒಂದು ಉಸಿರಲ್ಲಿ ಹತ್ತಕ್ಕೆ ಐದು ಸಲ ಅವರೇ ಮುಂದುವರಿಸ್ತಾರೆ, ಇದು ನನ್ನ ಅನುಭವ.

ಹೇಳಿದ್ದನ್ನೇ ವಾಪಸ್ ಹೇಳೋದರ ಬಗ್ಗೆ ಬರೆದಿದ್ರಿ. ಅದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ರಿಚರ್ಡ್ ಫಾರ್ಸನ್ ಇಬ್ರೂ 1957ರಲ್ಲಿ ಬರೆದದ್ದರಿಂದ ಹಬ್ಬಿದ್ದು. ಅವರು ಹೇಳಿದ್ದು ಗಿಳಿ ತರ ಒಪ್ಪಿಸಿ ಅಂತಲ್ಲ. ಎದುರಿನವರ ಜಾಗದಲ್ಲಿ ನಿಂತು ನೋಡೋ ಮನಸ್ಸಿಲ್ದೆ ಬರೀ ಟೆಕ್ನಿಕ್ ಮಾಡಿದ್ರೆ ಅದು ಟೊಳ್ಳು ಅಂತ ಗೊತ್ತಾಗಿಬಿಡುತ್ತೆ ಅನ್ನೋದೂ ಅದರಲ್ಲೇ ಇದೆ. ಪತ್ನಿ "ಇವತ್ತು ಮೀಟಿಂಗಲ್ಲಿ ನನ್ನ ಕೆಲಸಾನ ಅವನು ತನ್ನದು ಅಂತ ಹೇಳ್ಕೊಂಡ" ಅಂದ್ರೆ "ಅವನು ನಿನ್ನ ಕೆಲಸ ತನ್ನದು ಅಂದ್ನಾ" ಅನ್ನೋದು ಗಿಳಿಪಾಠ. "ಎಲ್ರೆದುರಿಗೇನಾ? ನೀನಾಗ ಏನ್ ಮಾಡ್ದೆ?" ಅನ್ನೋದು ಕೇಳಿಸ್ಕೊಂಡಿದ್ದು. ಕೇಳಿಸ್ಕೊಂಡಿದ್ರೆ ಮಾತ್ರ ಬರೋ ಪ್ರಶ್ನೆ ಅದು.

ಇನ್ನು ಅನುಮಾನ ಬಂದ್ರೆ ನೇರವಾಗಿ ಕೇಳಿಬಿಡಿ, ನಾನು ಕೇಳ್ತಾ ಇರ್ಲಾ, ಏನಾದ್ರೂ ಯೋಚ್ನೆ ಮಾಡ್ಬೇಕಾ ಅಂತ. ಮೊದಲೆರಡು ಸಲ ಮುಜುಗರ ಆಗುತ್ತೆ, ಆಮೇಲೆ ಮನೇಲಿ ಅದು ಮಾತಿನ ಭಾಗಾನೇ ಆಗಿಹೋಗುತ್ತೆ.

ಕಿವಿಮಾತು_ಮೈಸೂರು

ಎಲ್ಲರೂ ಮನಸ್ಸಿನ ವಿಷಯ ಹೇಳ್ತಿದ್ದೀರಿ, ನಾನು ಕಿವಿ ವಿಷಯ ಹೇಳ್ತೀನಿ, ಯಾಕಂದ್ರೆ ನಾನು ಆಡಿಯಾಲಜಿಸ್ಟ್, ಮೈಸೂರಲ್ಲಿ ಪ್ರಾಕ್ಟೀಸ್.

ನಿಮ್ಮ ತಾಯಿಗೆ ವಯಸ್ಸೆಷ್ಟು? 65 ದಾಟಿದ್ರೆ ಒಂದ್ಸಲ ಹಿಯರಿಂಗ್ ಟೆಸ್ಟ್ ಮಾಡಿಸಿ. ವಯಸ್ಸಾದಾಗ ಮೊದಲು ಹೋಗೋದು ಹೈ ಫ್ರೀಕ್ವೆನ್ಸಿ, ಅಂದ್ರೆ ಕೀರಲು ಶಬ್ದಗಳು. ಸ, ಶ, ಫ, ತ ಇಂಥವು ಮಸುಕಾಗುತ್ತೆ, ಸ್ವರಗಳು ಚೆನ್ನಾಗೇ ಕೇಳುತ್ತೆ. ಅದಕ್ಕೇ ಅವರು "ನೀನು ಮಾತಾಡೋದು ಕೇಳುತ್ತೆ, ಏನಂತಿದೀಯ ಅಂತ ತಿಳಿಯಲ್ಲ" ಅನ್ನೋದು. ಮನೆಯವರು ಇನ್ನೂ ಜೋರಾಗಿ ಕೂಗ್ತಾರೆ, ಕೂಗಿದ್ರೆ ಸ್ವರ ಜೋರಾಗುತ್ತೆ ಹೊರತು ವ್ಯಂಜನ ಸ್ಪಷ್ಟ ಆಗಲ್ಲ. ಎದುರಿಗೆ ಕೂತು, ಮುಖ ಬೆಳಕಿಗಿಟ್ಟು, ಸ್ವಲ್ಪ ನಿಧಾನ ಮಾತಾಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಕಮ್ಮಿ. ಜನ ಗೊತ್ತಿಲ್ದೇ ತುಟಿ ನೋಡಿ ಮಾತು ತುಂಬಿಸ್ಕೊಳ್ತಿರ್ತಾರೆ, ಅದಕ್ಕೆ.

ಫೋನ್ ಇನ್ನೂ ಕಷ್ಟ. ಹಳೇ ತರದ ಮಾಮೂಲಿ ಕಾಲಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಶಬ್ದ ಮಾತ್ರ ಹೋಗುತ್ತೆ, ಸ ಅಕ್ಷರದ ಜೋರೆಲ್ಲಾ ಅದಕ್ಕಿಂತ ಮೇಲೆ ಇರೋದು. ಜೊತೆಗೆ ನೀವು ಸ್ಪೀಕರ್‌ಗೆ ಹಾಕಿ ದೂರ ಇಟ್ಟಿದ್ರೆ ರೂಮಿನ ಗದ್ದಲ, ಕೀಬೋರ್ಡ್ ಸದ್ದು ಎಲ್ಲಾ ಅವರಿಗೆ ಹೋಗ್ತಿರುತ್ತೆ. ಅವರಿಗೆ ನಿಮ್ಮ ಮಾತು ಪೂರ್ತಿ ಕೇಳ್ದಿದ್ದಾಗ ಅವರೂ ಹೂಂ ಅಂತಿರಬಹುದು. ಎರಡೂ ಕಡೆ ಹೂಂ. ಇಂಥ ಮನೆಗಳನ್ನ ನಾನು ವಾರಕ್ಕೊಂದಾದ್ರೂ ನೋಡ್ತೀನಿ. ಗಂಡ ಕಿವಿ ಕೊಡಲ್ಲ ಅಂತ ಇಪ್ಪತ್ತು ವರ್ಷ ಜಗಳ ಆಡಿರ್ತಾರೆ, ಟೆಸ್ಟ್ ಮಾಡಿದ್ರೆ ಒಂದು ಕಿವಿ ನಿಜವಾಗ್ಲೂ ಕೇಳ್ತಿರಲ್ಲ. ಆಗ ಆ ಹೆಂಗಸು ಅಳೋದನ್ನ ನೋಡೋಕಾಗಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡ್ತಿರೋ ಸರ್ಕಾರಿ ಸಂಸ್ಥೆ. ಹತ್ತಿರದ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲೂ ವಿಚಾರಿಸಬಹುದು. ಟಿವಿ ವಾಲ್ಯೂಮ್ ಎಷ್ಟಿಡ್ತಾರೆ, ಕರೆದ್ರೆ ಯಾವ ಕಡೆಗೆ ತಿರುಗ್ತಾರೆ, ಇದನ್ನ ಮೊದಲು ನೋಡ್ಕೊಂಡು ಬನ್ನಿ.

ಹೊಳೆಬಾಗಿಲು

ನಾನು ಕುಂದಾಪುರ ಕಡೆಯವ, ಹವ್ಯಾಸಿ ಅರ್ಥಧಾರಿ. ತಾಳಮದ್ದಲೆ ಗೊತ್ತುಂಟಲ್ಲ ನಿಮಗೆಲ್ಲ? ಭಾಗವತರು ಪದ್ಯ ಹೇಳ್ತಾರೆ, ಮದ್ದಳೆ ಚೆಂಡೆ ಉಂಟು, ವೇಷ ಇಲ್ಲ, ಕುಣಿತ ಇಲ್ಲ, ನಾವು ಕೂತು ಅರ್ಥ ಹೇಳುವುದು. ಪದ್ಯ ಬರೆದದ್ದಿರ್ತದೆ, ಅರ್ಥ ಬರೆದದ್ದಿಲ್ಲ. ಎದುರಿನವ ಏನು ಹೇಳ್ತಾನೆ ಅಂತ ನಮಗೆ ಮೊದಲೇ ಗೊತ್ತಿರುವುದಿಲ್ಲ.

ಶುರುವಿನ ವರ್ಷ ನನಗೆ ಒಂದು ಕಡೆ ವಾಲಿಯ ಅರ್ಥ ಕೊಟ್ಟರು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಭಾಗ. ನಾನು ಒಂದು ತಿಂಗಳು ಕೂತು ತಯಾರಿ ಮಾಡಿದೆ, ಬಾಯಿಪಾಠವೇ ಮಾಡಿದ್ದೆ ಹೇಳಿ. ಎದುರು ರಾಮ ಹಿರಿಯರು, ಬಹಳ ಮೆತ್ತಗೆ, ಸುಗ್ರೀವನ ದುಃಖದಿಂದ ಶುರು ಮಾಡಿ ನನ್ನ ಎರಡು ಪ್ರಶ್ನೆಗೆ ನಾನು ಕೇಳುವ ಮೊದಲೇ ಉತ್ತರ ಕೊಟ್ಟಾಗಿತ್ತು. ನಾನು ಅದನ್ನು ಕೇಳಲೇ ಇಲ್ಲ, ಮನಸ್ಸಿನಲ್ಲಿ ನನ್ನ ಮಾತು ಜೋಡಿಸಿಕೊಳ್ತಾ ಕೂತಿದ್ದೆ. ನನ್ನ ಸರದಿ ಬಂದಾಗ ಅವರು ಉತ್ತರ ಕೊಟ್ಟ ಅದೇ ಪ್ರಶ್ನೆಯನ್ನು ಆವೇಶದಲ್ಲಿ ಕೇಳಿದೆ. ಸಭೆ ತಣ್ಣಗಾಯಿತು. ಮುಗಿದ ಮೇಲೆ ಚಾ ಕುಡಿಯುವಾಗ ಆ ಹಿರಿಯರು ಹೆಗಲ ಮೇಲೆ ಕೈ ಇಟ್ಟು ಕೇಳಿದ್ದು ಒಂದೇ ಮಾತು, "ನೀವು ಇವತ್ತು ಯಾರ ಹತ್ರ ಮಾತಾಡಿದ್ದು?"

ಅವರೇ ಆಮೇಲೆ ಕಲಿಸಿದರು. ಎದುರಿನವ ಹೇಳಿದ ಒಂದು ಶಬ್ದವನ್ನು ಹಿಡಿದುಕೊಂಡು ಅಲ್ಲಿಂದ ನಿಮ್ಮ ಮಾತು ಶುರು ಮಾಡಿ, ನಿಮ್ಮ ತಯಾರಿಯಿಂದ ಅಲ್ಲ. ಹಿಡಿಯಬೇಕಾದರೆ ಪೂರ್ತಿ ಕೇಳಲೇಬೇಕಾಗ್ತದೆ, ಬೇರೆ ದಾರಿ ಇಲ್ಲ. ಇದನ್ನು ನಾನು ಮನೆಯಲ್ಲೂ ಮಾಡುವುದುಂಟು. ಮಗ ಹಾಸ್ಟೆಲಿನಿಂದ ಫೋನ್ ಮಾಡಿ "ಎಂತ ಇಲ್ಲ ಅಪ್ಪ, ಬೋರ್" ಅಂದರೆ ಮೊದಲು ನಾನು ಓದು ಸರಿಯಾಗಿ ಅಂತ ಹೇಳಿ ಇಡ್ತಿದ್ದೆ. ಈಗ ಆ ಬೋರನ್ನೇ ಹಿಡಿಯುವುದು. ಯಾವ ಹೊತ್ತಿಗೆ ಬೋರು, ರೂಮಿನಲ್ಲಿ ಯಾರೂ ಇಲ್ವಾ ಅಂತ. ಹಾಗೆ ಕೇಳಿದಾಗ ಗೊತ್ತಾದದ್ದು, ಅವನಿಗೆ ಊಟಕ್ಕೆ ಜೊತೆಗೆ ಕೂರುವವರು ಯಾರೂ ಇಲ್ಲ, ಹಾಗಾಗಿ ರಾತ್ರಿ ಮೆಸ್ಸಿಗೇ ಹೋಗುವುದಿಲ್ಲ ಅಂತ.

ಕಾವೇರಿ_ಬಯಲು

ನಮ್ದು ಮಂಡ್ಯ ಕಡೆ. ನಮ್ಮಪ್ಪ ಮಾತೇ ಆಡ್ತಿರ್ಲಿಲ್ಲ, ಎದುರುಗಡೆ ಕೂರಿಸ್ಕಂಡು ಹೇಳಪ್ಪ ಅಂದ್ರೆ ಎದ್ದು ಹೋಗೋರು. ಆದ್ರೆ ಗದ್ದೆಗೆ ಜೊತೇಲಿ ನಡ್ಕೊಂಡು ಹೋಗುವಾಗ, ಇಲ್ಲಾ ಸ್ಕೂಟರಲ್ಲಿ ಹಿಂದೆ ಕೂತಾಗ, ತಾವೇ ಶುರು ಮಾಡೋರು, ಸಾಲದ ವಿಷ್ಯ ಎಲ್ಲಾ ನಂಗೆ ಗೊತ್ತಾಗಿದ್ದು ಹಂಗೇ. ಅಮ್ಮ ಅವರೆಕಾಳು ಹಿತುಕ್ತಾ ಕೂತ್ರೆ ಮುಗೀತು, ಒಂದು ಪಾತ್ರೆ ತುಂಬೋದ್ರೊಳಗೆ ಎಲ್ಲಾ ಹೊರಗೆ. ಕೈಗೆ ಕೆಲ್ಸ, ಕಣ್ಣು ಕೆಳಗೆ, ಆಗ್ಲೇ ನಮ್ಮೋರಿಗೆ ಬಾಯಿ ಬರೋದು ಕಣಣ್ಣ. ಕಣ್ಣಲ್ಲಿ ಕಣ್ಣಿಡೋದೆಲ್ಲ ನಮ್ಮ ಮನೆಗಳಿಗೆ ಆಗ್ಬರಲ್ಲ. ಊರಿಗೆ ಹೋದಾಗ ಅಮ್ಮನ ಜೊತೆ ಏನಾದ್ರೂ ಸುಲಿಯೋಕೆ ಕೂತ್ಕಳಿ.

ಬೆಳಗಿನ_ಬಸ್ಸು

ಒಂದು ಬೇರೆ ಮಾತು ಹೇಳ್ಬೇಕು, ಯಾರೂ ಬೇಜಾರು ಮಾಡ್ಕೋಬೇಡಿ.

ನಾನು ಎಲ್ಲರ ಮಾತೂ ಕೇಳಿಸ್ಕೊಳ್ಳೋಳು. ಅತ್ತೆ, ನಾದಿನಿ, ಆಫೀಸಿನ ಇಬ್ರು ಗೆಳತಿಯರು, ತಮ್ಮ. ಎಲ್ರೂ ನೀನು ಚೆನ್ನಾಗಿ ಕೇಳ್ತೀಯ ಅಂತಾರೆ. ಹೋದ ವರ್ಷ ನಂಗೆ ರಾತ್ರಿ ಫೋನ್ ರಿಂಗಾದ್ರೆ ಎದೆ ಡವಡವ ಅನ್ನೋಕೆ ಶುರುವಾಯ್ತು. ಆಗ ಗೊತ್ತಾಗಿದ್ದು, ಖಾಲಿಯಾದ ಮೇಲೂ ಕೇಳ್ತಾ ಕೂತ್ರೆ ಅದು ಕೇಳೋದಲ್ಲ, ಮುಖ ಮಾತ್ರ ಆ ಕಡೆ ಇರುತ್ತೆ, ತೆಂಗಿನಗರಿ ಅವರ ಹೂಂ ತರಾನೇ. ಈಗ ನಾನು ಹೇಳ್ತೀನಿ, "ಅತ್ತೆ, ಈಗ ತಲೆ ಓಡ್ತಿಲ್ಲ, ಊಟ ಆದ್ಮೇಲೆ ಇಬ್ರೂ ಹೊರಗೆ ಕೂತು ಮಾತಾಡೋಣ" ಅಂತ. ಹೇಳಿದ ಮೇಲೆ ತಪ್ಪದೇ ಕೂರ್ತೀನಿ. ಮೊದಲ ಸಲ ಮುಖ ಸಣ್ಣ ಮಾಡ್ಕೊಂಡ್ರು, ಆಮೇಲೆ ಅವರೇ "ಈಗ ಪುರುಸೊತ್ತಿದ್ಯೇನಮ್ಮ" ಅಂತ ಕೇಳಿ ಶುರು ಮಾಡ್ತಾರೆ.

ಸಂಜೆ ಏಳೂವರೆ ನಿಮಗೆ ಕೆಲಸದ ಹೊತ್ತಾದ್ರೆ ಆ ಹೊತ್ತಿಗೆ ಫೋನ್ ಮಾಡೋದೇ ಬೇಡ. ಒಂಬತ್ತಕ್ಕೆ ಮಾಡಿ, ಹತ್ತು ನಿಮಿಷ ಮಾಡಿ, ಆದ್ರೆ ಆ ಹತ್ತು ನಿಮಿಷ ಅವರದ್ದಾಗಿರ್ಲಿ.

ಇನ್ನೊಂದು, ನಮ್ಮ ತಮ್ಮನ ವಿಷಯದಲ್ಲಿ ನಂಗೆ ಕೇಳೋದು ಸಾಲಲ್ಲ ಅಂತ ಅರ್ಥ ಆಯ್ತು, ಬದುಕಿ ಏನಕ್ಕೆ ಅನ್ನೋ ತರ ಮಾತಾಡ್ತಿದ್ದ. ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ನಾನೇ ಮೊದಲು ಮಾಡಿ ಅವನ ಹತ್ರ ಹೆಂಗೆ ಮಾತಾಡ್ಲಿ ಅಂತ ಕೇಳಿದೆ. ಹಂಗೂ ಕೇಳಬಹುದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಬರೆದೆ.

ಜಯನಗರ_ಮಳೆ

ಬೆಳಗಿನ ಬಸ್ಸು ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲೂ ಶಿಫ್ಟ್ ಮುಗಿದ ಮೇಲೆ ಯಾರ ಹತ್ರಾನಾದ್ರೂ ಮಾತಾಡಿ ಹಗುರಾಗಿಯೇ ಮನೆಗೆ ಹೋಗಬೇಕು ಅಂತ ನಿಯಮ ಇತ್ತು. ಕೇಳೋರಿಗೂ ಒಬ್ರು ಕೇಳೋರು ಬೇಕು.

ಒಂದು ಸೇರಿಸ್ತೀನಿ. ಅಮೆರಿಕದಲ್ಲಿ ಜಾನ್ ಗಾಟ್‌ಮನ್ ಅನ್ನೋರು ಹೊಸದಾಗಿ ಮದುವೆಯಾದವರನ್ನ ಗಮನಿಸಿ ಆರು ವರ್ಷ ಬಿಟ್ಟು ಮತ್ತೆ ವಿಚಾರಿಸಿದ್ರು. "ಅಲ್ಲಿ ನೋಡು ಎಂಥ ಹಕ್ಕಿ" ಅನ್ನೋಂಥ ಸಣ್ಣ ಮಾತಿಗೆ, ಇನ್ನೂ ಜೊತೆಲಿದ್ದ ದಂಪತಿಗಳು ನೂರಕ್ಕೆ 86 ಸಲ ತಿರುಗಿ ಸ್ಪಂದಿಸಿದ್ರಂತೆ, ಬೇರೆಯಾದವರು 33 ಸಲ. ಅಂದ್ರೆ ಆಫೀಸಿನ ದೊಡ್ಡ ಸಮಸ್ಯೆ ಬಂದಾಗ ಮಾತ್ರ ಕಿವಿ ಕೊಟ್ರೆ ಆಗಲ್ಲ. ಹಾಲು ಒಡೆದುಹೋಯ್ತು ಅಂದಾಗ್ಲೂ ತಲೆ ಎತ್ತಬೇಕು.

ತೆಂಗಿನಗರಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯ್ತು, ಆದದ್ದು ಆದಂಗೆ ಬರೀತೀನಿ.

ಫೋನ್ ಟೈಮು ಒಂಬತ್ತಕ್ಕೆ ಬದಲಾಯಿಸ್ದೆ. ಲ್ಯಾಪ್‌ಟಾಪ್ ಮುಚ್ಚಿ ಟೆರೇಸಿಗೆ ಹೋಗಿ ಫೋನ್ ಕಿವಿಗಿಟ್ಕೊಂಡು ಮಾತಾಡ್ತೀನಿ. ಮೊದಲ ದಿನ ಅಮ್ಮ "ಯಾಕಪ್ಪ, ಹುಷಾರಿಲ್ವಾ" ಅಂತ ಕೇಳಿದ್ರು.

ಶನಿವಾರ ಊರಿಗೆ ಹೋದೆ. ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಆ ಕಲ್ಲು, ಸುತ್ತ ಇರೋ ನೆಲ ಎಲ್ಲಾ ತಿಕ್ಕಿ ತೊಳೆದೆ, ಅಮ್ಮ ಬಾಗಿಲಲ್ಲಿ ನಿಂತು ನೋಡ್ತಿದ್ರು, ಏನೂ ಅನ್ಲಿಲ್ಲ. ಮಧ್ಯಾಹ್ನ ಕಾವೇರಿ ಬಯಲು ಅವರು ಹೇಳಿದಂಗೆ ಅವರೆಕಾಯಿ ಸುಲಿಯೋಕೆ ಕೂತೆ. ಅವರ ಒಂದು ಕೈಗೆ ಬ್ಯಾಂಡೇಜ್, ಹಂಗಾಗಿ ನಾನು ಸುಲೀತಿದ್ದೆ, ಅವರು ಒಂದೇ ಕೈಯಲ್ಲಿ ಹುಳ ಇರೋ ಕಾಳು ಆರಿಸ್ತಿದ್ರು. ಅರ್ಧ ಗಂಟೆ ಊರಿನ ಸುದ್ದಿ. ಆಮೇಲೆ, ಮುಖ ನೋಡ್ದೇನೇ, "ರಾತ್ರಿ ಕರೆಂಟ್ ಹೋದ್ರೆ ನಿದ್ದೆ ಬರಲ್ಲ ಕಣಪ್ಪ, ನಿಮ್ಮಪ್ಪ ಕೆಮ್ಮಿದಂಗೆ ಕೇಳುತ್ತೆ" ಅಂದ್ರು.

ಬೆಂಗಳೂರಿಗೆ ಬಂದ್ಬಿಡಮ್ಮ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಒಂದು ಉಸಿರು ಬಿಟ್ಟೆ. "ಎಷ್ಟು ದಿನದಿಂದಮ್ಮ" ಅಂದೆ. ಆಮೇಲೆ ಅವರು ಹೇಳ್ತಾನೇ ಹೋದ್ರು, ಅಪ್ಪ ಕೊನೇ ವಾರ ಏನೇನು ಹೇಳಿದ್ರು ಅನ್ನೋದೆಲ್ಲಾ, ಐದು ವರ್ಷದಲ್ಲಿ ನಾನು ಒಂದ್ಸಲಾನೂ ಕೇಳದೇ ಇದ್ದ ಮಾತುಗಳು. ಕೊನೆಗೆ ಅವರೇ "ಪಕ್ಕದ ಮನೆ ಹುಡುಗಿ ರಾತ್ರಿ ಬಂದು ಮಲಗ್ತೀನಿ ಅಂದಿದ್ಲು, ನಾನೇ ಯಾಕೆ ತೊಂದ್ರೆ ಅಂತ ಬೇಡ ಅಂದಿದ್ದೆ, ಬಾ ಅಂತೀನಿ" ಅಂದ್ರು.

ಕಿವಿಮಾತು ಅವರೇ, ಅಮ್ಮನಿಗೆ 68. ಟಿವಿ ಜೋರಾಗೇ ಇಡ್ತಾರೆ, ಎಡಗಡೆಯಿಂದ ಕರೆದ್ರೆ ತಿರುಗಲಿಲ್ಲ, ಎರಡು ಸಲ ನೋಡ್ದೆ. ಬ್ಯಾಂಡೇಜ್ ಬಿಚ್ಚಿದ ಮೇಲೆ ಮೈಸೂರಿಗೆ ಕರ್ಕೊಂಡು ಬರ್ತೀನಿ.

ಹೆಂಡ್ತಿ ವಿಷಯದಲ್ಲಿ ಇನ್ನೂ ಸರಿಹೋಗಿಲ್ಲ. ಸಲಹೆ ಕೊಡಬಾರದು ಅಂತ ನಾನು ಪೂರ್ತಿ ಬಾಯಿ ಮುಚ್ಕೊಂಡು ಕೂತೆ, ನಾಲ್ಕನೇ ದಿನ ಅವಳು "ನೀನೇನೂ ಹೇಳ್ತಿಲ್ಲ, ನಂಗೆ ಭಯ ಆಗ್ತಿದೆ" ಅಂದ್ಲು. ಈಗ ಹೊಳೆಬಾಗಿಲು ಅವರು ಹೇಳಿದ ಒಂದು ಶಬ್ದ ಹಿಡಿಯೋದನ್ನ ಪ್ರಯತ್ನ ಮಾಡ್ತಿದೀನಿ. ನಿನ್ನೆ ಅವಳು "ಸಾಕಾಯ್ತು" ಅಂದಾಗ "ಇವತ್ತು ಸಾಕಾಯ್ತಾ, ಈ ಕೆಲಸಾನೇ ಸಾಕಾಯ್ತಾ" ಅಂತ ಕೇಳಿದೆ. ಅವಳು ಯೋಚ್ನೆ ಮಾಡಿ "ಗೊತ್ತಿಲ್ಲ" ಅಂದ್ಲು, ಆದ್ರೆ ಎದ್ದು ಹೋಗ್ಲಿಲ್ಲ.

ಮಲಪ್ರಭಾ_ದಂಡಿ

ಭಾಳ ಚಲೋ ಆತು ತಮ್ಮಾ. ಒಂದ ಮಾತು ಕೇಳಲೇನು? ಆ ರಾತ್ರಿ ಕರೆಂಟ್ ಹೋಗೂ ಮಾತು ಮೊದಲ ಯಾವಾಗರೆ ಫೋನಿನ್ಯಾಗ ಬಂದಿತ್ತೇನು?

ತೆಂಗಿನಗರಿ

ಬಂದಿತ್ತು ಮೇಡಂ. "ರಾತ್ರಿ ಕರೆಂಟ್ ಇರಲ್ಲ, ರೇಡಿಯೋಗೆ ಸೆಲ್ ತರಿಸ್ಬೇಕು" ಅಂತ ತುಂಬಾ ಸಲ ಹೇಳ್ತಿದ್ರು. ನಾನು ಅದು ಸೆಲ್ ವಿಷಯ ಅನ್ಕೊಂಡು ಅಂಗಡಿಯವನಿಗೆ ಫೋನ್ ಮಾಡಿ ಒಂದು ಡಬ್ಬ ಸೆಲ್ ಕಳಿಸಿಕೊಟ್ಟಿದ್ದೆ.